ಮಾರಿಯ ಚಕ್ಕುಬಂದಿ

ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ. ಸುಮಾರು ಎರಡು ವರ್ಷ ನಾನೊಂದು ಅಂಗಡಿ ನಡೆಸಿದ್ದೇನೆ. ಸರಕಾರಿ ನೌಕರ ಅಂಗಡಿ ಇಡುವಂತಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ಆ ಅಂಗಡಿಗೆ ಬಾಗಿಲಿರಲಿಲ್ಲ, ಬೋರ್ಡಿರಲಿಲ್ಲ, ತಕ್ಕಡಿ ಇರಲಿಲ್ಲ, ಮುಖ್ಯವಾಗಿ ಗಿರಾಕಿ ಇರಲಿಲ್ಲ. ಗಿರಾಕಿಯೇ ಇಲ್ಲದ ಅಂಗಡಿಯನ್ನು ಯಾವ ಇಲಾಖೆಯೂ ಅಪರಾಧವೆಂದು ಎಣಿಸಲಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅದು ಇಂಟರ್‌ನೆಟ್ಟಿನೊಳಗಿನ ಅಂಗಡಿ. ನಾವು ತೆಗೆದ ಫೋಟೋಗಳನ್ನು ಅಲ್ಲಿ ತೂಗುಹಾಕಿದರೆ, ಜಗತ್ತಿನ ಯಾವ ಮೂಲೆಯವರಾದರೂ ನೋಡಿ, ಮೆಚ್ಚಿ, ತಮಗೆ ಬೇಕಾದ ಅಳತೆಯ ಪ್ರಿಂಟು ತರಿಸಿಕೊಳ್ಳಬಹುದು ಎಂಬ ಏರ್ಪಾಡು.

ನನ್ನ ಹೊಟ್ಟೆಪಾಡಿನ ಕೆಲಸ ಬೇರೆ. ನಾನು ಮೋಜಣಿದಾರ, ಅಂದರೆ ಹೊಲ ಅಳೆಯುವವನು. ತೊಂಬತ್ತರ ದಶಕದ ಶುರುವಿನಲ್ಲಿ ಇಂಡಿಯಲ್ಲಿ ಕೆಲಸಕ್ಕೆ ಸೇರಿ, ಮುದ್ದೇಬಿಹಾಳಕ್ಕೆ ವರ್ಗವಾಗಿ, ಬಸವನ ಬಾಗೇವಾಡಿಯಲ್ಲಿ ಕೆಲವು ವರ್ಷ ಇದ್ದು, ಕೊನೆಗೆ ಸಿಂದಗಿಗೆ ಬಂದವನು. ನಾಲ್ಕೂ ತಾಲ್ಲೂಕಿನ ಎರೆಮಣ್ಣು ನನ್ನ ಚಪ್ಪಲಿಗೆ ಮೆತ್ತಿದೆ. ನಮ್ಮ ಕೆಲಸದಲ್ಲಿ ಅಳೆಯುವುದಕ್ಕಿಂತ ಕಾಯುವುದು ಹೆಚ್ಚು. ಅಣ್ಣ ಬಂದರೆ ತಮ್ಮ ಬಂದಿರುವುದಿಲ್ಲ. ಇಬ್ಬರೂ ಬಂದರೆ ಬದುವಿನ ಬಾಂದಗಲ್ಲು ಇದ್ದಲ್ಲಿ ಇರುವುದಿಲ್ಲ. ಆ ಕಾಯುವ ಹೊತ್ತು ಕಳೆಯಲೆಂದು ಒಂದು ಕ್ಯಾಮೆರಾ ಕೊಂಡೆ. ಮೊದಲು ರೀಲಿನದು, ಆಮೇಲೆ ಡಿಜಿಟಲ್. ಇಂಡಿಯ ನಿಂಬೆತೋಟ, ಆಲಮಟ್ಟಿಯ ಹಿನ್ನೀರು, ತೆನೆ ಬಾಗಿದ ಬಿಳಿಜೋಳ ಎಲ್ಲ ತೆಗೆದೆ. ಎಲ್ಲಕ್ಕಿಂತ ಹೆಚ್ಚಾಗಿ ಬಾಂದಗಲ್ಲುಗಳನ್ನು ತೆಗೆದೆ. ಎರಡು ಮನೆತನಗಳನ್ನು ಕೋರ್ಟಿಗೆ ಹತ್ತಿಸಿ ತಾನು ಮಾತ್ರ ಹುಲ್ಲಿನಲ್ಲಿ ಸುಮ್ಮನೆ ಕೂತಿರುವ ಕಲ್ಲಿನ ಮೇಲೆ ನನಗೆ ವಿಚಿತ್ರ ಮೋಹ.

ನನ್ನ ಹೆಂಡತಿ ಗಿರಿಜಾಗೆ ಈ ಮೋಹ ಅರ್ಥವಾಗುತ್ತಿರಲಿಲ್ಲ. "ಮಂದಿ ಮಂದಿ ಮಾರಿ ತಗೀತಾರ, ನೀವು ಕಲ್ಲು ತಗೀತೀರಿ. ಕಲ್ಲೇನು ನಾಳೆ ಬಂದು ನನ್ನ ಫೋಟೋ ಕೊಡು ಅಂತ ಕೇಳತಾವೇನ್ರಿ?" ಎಂದು ಕೇಳುತ್ತಿದ್ದಳು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಡೆ ಮುಖಕ್ಕೆ ಮಾರಿ ಎನ್ನುತ್ತಾರೆ. ಮೋರೆ ಎಂಬುದೇ ಹೊರಳಿ ಮಾರಿಯಾಗಿರಬೇಕು ಎಂಬುದು ನನ್ನ ಊಹೆ. ಪಂಡಿತರು ಒಪ್ಪದಿದ್ದರೆ ವಾಪಸ್ ತೆಗೆದುಕೊಳ್ಳಲು ಸಿದ್ಧ. ದಕ್ಷಿಣದವರಿಗೆ ಮಾರಿ ಎಂದರೆ ಕೋಳಿ ಬೇಡುವ ದೇವಿ. ಬಾಗೇವಾಡಿಗೆ ಮೈಸೂರು ಕಡೆಯ ಸಹೋದ್ಯೋಗಿಯೊಬ್ಬರು ಬಂದಿದ್ದರು. ಮೊದಲ ದಿನ ಬೆಳಿಗ್ಗೆ ಮನೆಯೊಡತಿ, "ಸಾಹೇಬ್ರ, ಮಾರಿ ತೊಳಕೊಂಡ ಬರ್ರಿ, ಚಾ ಆಗೇತಿ" ಎಂದಳಂತೆ. ಚಹಾಕ್ಕಿಂತ ಮೊದಲು ಯಾವ ದೇವಿಗೆ ಅಭಿಷೇಕ ಮಾಡಬೇಕೆಂದು ತಿಳಿಯದೆ ಪಾಪ ಅವರು ಅಂಗಳದಲ್ಲಿ ನಿಂತೇ ಇದ್ದರು. ಇನ್ನು ಮಾರುವುದು ಎಂದರೆ ವಿಕ್ರಯ. ಎರಡೂ ಕೈ ಚಾಚಿದರೆ ಒಂದು ಮಾರು, ಅದು ಅಳತೆ. ಮುಖ, ಮಾರಾಟ, ಅಳತೆ ಮೂರನ್ನೂ ಒಂದೇ ಸದ್ದಿನಲ್ಲಿ ಇಟ್ಟುಕೊಂಡ ಭಾಷೆಯಲ್ಲಿ ಹುಟ್ಟಿದ ಮೋಜಣಿದಾರ ಫೋಟೋ ಮಾರಲು ಹೊರಟರೆ ಎಡವುವುದು ಖಂಡಿತ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಅಂಗಡಿ ತೆರೆದುಕೊಟ್ಟದ್ದು ಶಬಾನಾ. ಸಿಂದಗಿಯ ತಹಸೀಲ ಕಚೇರಿಯ ಎದುರು ಅವರದೊಂದು ಉದ್ದನೆಯ ಮಳಿಗೆ. ಮುಂದಿನ ಭಾಗದಲ್ಲಿ ಅವಳ ತಂದೆ ಹುಸೇನಸಾಬರು ಟೈಪ್‌ರೈಟರ್ ಇಟ್ಟುಕೊಂಡು ಬಾಂಡು ಬರೆಯುತ್ತಾರೆ. ಖರೀದಿ, ವಾಟ್ನಿ ಎಂಬ ಪಾಲುಪತ್ರ, ಗಹಾಣ ಎಂಬ ಅಡಮಾನ, ಏನೇ ಕಾಗದಪತ್ರ ಇರಲಿ, ಅವರ ಕೈ ಹತ್ತದೆ ಕಚೇರಿ ಮೆಟ್ಟಿಲು ಹತ್ತುವುದಿಲ್ಲ. ನಡುವೆ ಒಂದು ಪರದೆ. ಹಿಂದಿನ ಭಾಗದಲ್ಲಿ ಬಿ.ಕಾಂ. ಮುಗಿಸಿದ ಶಬಾನಾ ಎರಡು ಕಂಪ್ಯೂಟರ್ ಇಟ್ಟು ನೆಟ್ ಅಂಗಡಿ ನಡೆಸುತ್ತಾಳೆ. ಅಪ್ಪನ ಟಕಟಕ ನಿಂತರೆ ಮಗಳ ಟಿಕಟಿಕ ಕೇಳಿಸುತ್ತದೆ.

ಆ ಅಂಗಡಿಯ ಕಟ್ಟಳೆ ಏನೆಂದರೆ ಪ್ರತಿ ಫೋಟೋಕ್ಕೂ ಇಂಗ್ಲಿಷಿನಲ್ಲಿ ಒಂದು ಹೆಸರು ಬೇಕು. ಕಲ್ಲಿಗೆ ಸರ್ವೆ ನಂಬರ್ ಕೊಟ್ಟು ಗೊತ್ತೇ ಹೊರತು ಹೆಸರಿಟ್ಟು ನನಗೆ ಗೊತ್ತಿಲ್ಲ. ನಾನೂ ಶಬಾನಾಳೂ ಅರ್ಧ ದಿನ ತಲೆಕೆಡಿಸಿಕೊಂಡು ಒಂದು ಬಾಂದಗಲ್ಲಿಗೆ ‘ದಿ ಸ್ಟೋನ್ ಆಫ್ ಟೂ ಬ್ರದರ್ಸ್’ ಎಂದು ನಾಮಕರಣ ಮಾಡಿದೆವು. ಹೂವಿನ ಹಿಪ್ಪರಗಿಯಲ್ಲಿ ತೆಗೆದದ್ದಕ್ಕೆ ‘ಹಿಪ್ಪರಗಿ ಆಫ್ ಫ್ಲವರ್ಸ್’ ಎಂದಿಟ್ಟೆವು. ಅದರಲ್ಲಿ ಇದ್ದದ್ದು ಒಂದು ಎಮ್ಮೆ ಮತ್ತು ಒಂದು ಕಟ್ಟಿಗೆಯ ರಾಶಿ. ಹೀಗೆ ನಲವತ್ತು ಫೋಟೋ ತೂಗುಹಾಕಿ, ಕೈ ಕಟ್ಟಿ ಕೂತೆ.

ನಿಜ ಹೇಳುತ್ತೇನೆ, ನನಗೆ ದುಡ್ಡಿನ ಆಸೆ ಇರಲಿಲ್ಲ. ಒಂದೇ ಒಂದು ಪ್ರಿಂಟು, ನನ್ನ ಗುರುತೇ ಇಲ್ಲದ ಯಾರೋ ಒಬ್ಬರು ಮೆಚ್ಚಿ ತೆಗೆದುಕೊಂಡು ತಮ್ಮ ಗೋಡೆಗೆ ಹಾಕಿಕೊಳ್ಳಬೇಕು, ಅದನ್ನು ನಾನು ಗಿರಿಜಾಗೆ ಹೇಳಬೇಕು, ಅಷ್ಟೇ. ಆ ಒಂದು ಪ್ರಿಂಟಿಗಾಗಿ ನಾನು ಹಂಬಲಿಸಿದಷ್ಟು ಬಡ್ತಿಗೂ ಹಂಬಲಿಸಿರಲಿಲ್ಲ.

ಅಂಗಡಿಗೆ ಎಷ್ಟು ಜನ ಬಂದು ಹೋದರೆಂದು ಆ ಸೈಟೇ ಲೆಕ್ಕ ಇಡುತ್ತಿತ್ತು. ಮೂರನೆಯ ತಿಂಗಳು ಶಬಾನಾ, "ಸರ, ಹತ್ತೊಂಬತ್ತು ಮಂದಿ ನೋಡ್ಯಾರ್ರಿ!" ಎಂದು ಸಂಭ್ರಮದಿಂದ ಹೇಳಿದಳು. ವಿಚಾರ ಮಾಡಿದಾಗ ಅದರಲ್ಲಿ ಹದಿನೇಳು ಸಲ ನೋಡಿದವನು ನಾನೇ, ಉಳಿದೆರಡು ಸಲ ಅವಳು. ಒಂದು ವರ್ಷ ಕಳೆಯಿತು. ಇನ್ನೂ ಅರ್ಧ ವರ್ಷ ಕಳೆಯಿತು. ಕಚೇರಿಗೆ ಹೋಗುವಾಗ ಬರುವಾಗ ಪರದೆ ಸರಿಸಿ ಇಣುಕುವುದು ನನಗೆ ಚಟವಾಯಿತು. ಶಬಾನಾ ಬಾಯಿ ಬಿಟ್ಟು ಹೇಳದೆ ತಲೆ ಅಲ್ಲಾಡಿಸುವುದನ್ನು ಕಲಿತಳು.

ಆಮೇಲೆ ಒಂದು ಮಧ್ಯಾಹ್ನ ಅವಳೇ ಓಡುತ್ತ ಕಚೇರಿಗೆ ಬಂದಳು. ಗಿರಾಕಿ ಬಂದಿದ್ದ! ದೂರದ ಯಾವುದೋ ಚಳಿಯ ದೇಶದಲ್ಲಿ ಊಟದ ಹೋಟೆಲು ನಡೆಸುವವನು. ತನ್ನ ಹೋಟೆಲಿನ ಗೋಡೆಗೆ ನನ್ನ ಒಂದು ಫೋಟೋದ ದೊಡ್ಡ ಪ್ರಿಂಟು ಬೇಕೆಂದು ಬರೆದಿದ್ದ. ಯಾವ ಕಲ್ಲು ಎಂದು ನಾನು ಕೇಳಿದೆ. ಕಲ್ಲಲ್ಲ. ನಲವತ್ತು ತುಂಬಲಿ ಎಂದು ಕೊನೆಗೆ ಸೇರಿಸಿದ್ದ, ‘ಮೈ ಆಂಟ್’ ಎಂಬ ಹೆಸರಿನ, ನನ್ನ ನೀಲತ್ತಿಯ ಫೋಟೋ.

ನೀಲತ್ತಿ ನನ್ನ ತಂದೆಯ ತಂಗಿ. ತವರು ನಮ್ಮ ಯಂಕಂಚಿ, ಕೊಟ್ಟದ್ದು ಮೋರಟಗಿಗೆ. ಒಮ್ಮೆ ಮೋರಟಗಿಯಲ್ಲಿ ಯಾರದೋ ಹೊಲ ಅಳೆದು ಅವಳ ಮನೆಗೆ ಹೋಗಿದ್ದೆ. ಹೊಸ್ತಿಲ ಹತ್ತಿರ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದವಳು ತಲೆ ಎತ್ತಿ, "ಬಂದ್ಯಾ ತಮ್ಮಾ? ಬಾ, ಉಣ್ಣ ಬಾ" ಎಂದಳು. ಆ ಕೊನೆಯ ‘ಬಾ’ ಬಾಯಲ್ಲಿರುವಾಗಲೇ ನಾನು ಗುಂಡಿ ಒತ್ತಿದ್ದೆ. ಸೆರಗಿನ ಅಂಚು ಹಣೆಗೆ ಇಳಿದಿದೆ, ಗದ್ದದ ಮೇಲೆ ಹಚ್ಚೆಯ ಮೂರು ಚುಕ್ಕಿ, ಬಾಯಿ ಅರ್ಧ ತೆರೆದಿದೆ. ಅಷ್ಟೇ ಫೋಟೋ. ನಾನು ಅದನ್ನು ನನ್ನ ಒಳ್ಳೆಯ ಫೋಟೋಗಳಲ್ಲಿ ಸೇರಿಸಿಯೇ ಇರಲಿಲ್ಲ.

ಆದರೆ ಅಂಗಡಿಯ ಕಟ್ಟಳೆ ಇನ್ನೊಂದಿತ್ತು. ಗುರುತು ಸಿಗುವ ಮಾರಿ ಇದ್ದರೆ ಆ ಮಾರಿಯ ಒಡೆಯರಿಂದ ಒಂದು ಕಾಗದಕ್ಕೆ ಸಹಿ ಬೇಕು, ಅದಕ್ಕೆ ‘ರಿಲೀಸ್’ ಎಂದು ಹೆಸರು.

"ರಿಲೀಸ್ ಅಂದ್ರ ಬಿಡುಗಡಿ ಅಲ್ರಿ ಸರ?" ಎಂದಳು ಶಬಾನಾ.

"ಹೌದು, ಬಿಡುಗಡಿ ಪತ್ರ" ಎಂದೆ ನಾನು.

ಆ ಶಬ್ದ ಕಿವಿಗೆ ಬಿದ್ದದ್ದೇ ಪರದೆಯ ಆಚೆ ಟೈಪ್‌ರೈಟರ್ ನಿಂತಿತು. "ಬಿಡುಗಡಿ ಪತ್ರಾ? ಯಾವ ಸರ್ವೆ ನಂಬರ್ರಿ ಸಾಹೇಬ್ರ?" ಎಂದು ಹುಸೇನಸಾಬರು ಕೇಳಿದರು.

ಸರ್ವೆ ನಂಬರಿಲ್ಲ, ಇದು ಅತ್ತೆಯ ಮಾರಿ ಎಂದು ವಿವರಿಸಿದೆ. ಅವರು ಹತ್ತು ನಿಮಿಷ ಗಡ್ಡ ನೀವಿಕೊಂಡು, ಮಾರಿಯೂ ಒಂದು ಆಸ್ತಿಯೇ ಎಂಬ ತೀರ್ಮಾನಕ್ಕೆ ಬಂದು, ಕಾಗದ ಏರಿಸಿದರು. ಬಿಡುಗಡೆ ಪತ್ರ ಬರೆಯುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ‘ಕೆಳಗೆ ಸಹಿ ಮಾಡಿದ ನಾನು, ಯಾರ ಒತ್ತಾಯವೂ ಇಲ್ಲದೆ, ಸ್ವಖುಷಿಯಿಂದ, ಸದರಿ ಮುಖದ ಮೇಲಿನ ನನ್ನ ಸಮಸ್ತ ಹಕ್ಕನ್ನು ಬಿಟ್ಟುಕೊಟ್ಟಿದ್ದು, ಇನ್ನು ಮುಂದೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಸದರಿ ಮುಖದಲ್ಲಿ ಯಾವ ತರಹದ ಹಕ್ಕೂ ಇರುವುದಿಲ್ಲ’ ಎಂದು ಓಡಿತು ಅವರ ಟೈಪು. ಅಲ್ಲಿಗೆ ನಿಲ್ಲಬಹುದಿತ್ತು. ನಿಲ್ಲಲಿಲ್ಲ. "ಈಗ ಚಕ್ಕುಬಂದಿ ಹೇಳ್ರಿ" ಎಂದರು. ಹೊಲಕ್ಕೆ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಬರೆಯುವ ಗಡಿಯ ವಿವರವೇ ಚಕ್ಕುಬಂದಿ.

"ಮಾರಿಗೆಂಥಾ ಚಕ್ಕುಬಂದಿ ಹುಸೇನಸಾಬ್ರ?"

"ಚಕ್ಕುಬಂದಿ ಇಲ್ಲದ ಪತ್ರಾ ಪತ್ರಾ ಏನ್ರಿ? ನಾಳೆ ಬ್ಯಾರೆ ಯಾರದರ ಮಾರಿ ತಂದು ಇದ ಅದು ಅಂದ್ರ?"

ನ್ಯಾಯವಾದ ಮಾತು. ಉತ್ತರಕ್ಕೆ ಸೆರಗಿನ ಅಂಚು, ದಕ್ಷಿಣಕ್ಕೆ ಗದ್ದದ ಮೇಲಿನ ಹಚ್ಚೆ ಎಂಬಲ್ಲಿಯವರೆಗೆ ತಕರಾರಿರಲಿಲ್ಲ. ಪೂರ್ವಕ್ಕೆ ಯಾವ ಕಿವಿ ಎಂಬಲ್ಲಿ ಜಗಳ ಹತ್ತಿತು. ಅವರು ಬಲಗಿವಿ ಎಂದರು. ನಕಾಶೆಯಲ್ಲಿ ಪೂರ್ವ ನೋಡುವವನ ಬಲಕ್ಕೆ ಇರುತ್ತದೆ, ಎದುರು ಕೂತ ನೀಲತ್ತಿಯ ಪಾಲಿಗೆ ಅದು ಎಡಗಿವಿಯಾಗುತ್ತದೆ ಎಂದು ನಾನು ಇಲಾಖೆಯ ಘನತೆಯಿಂದ ಸಾಧಿಸಿದೆ. ಶಬಾನಾ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗುತ್ತಿದ್ದಳು. ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಅವಳು ಸೇರಿಸಿದಳು.

ಮೋರಟಗಿಗೆ ಹೊರಟಾಗ ಗಿರಿಜಾ, "ಸೋದರತ್ತಿ ಮನಿಗೆ ಬರಿಗೈಲೆ ಹ್ಯಾಂಗ ಹೋಗ್ತೀರಿ?" ಎಂದು ಒಂದು ಇಳಕಲ್ಲ ಸೀರೆ, ಒಂದು ಕುಪ್ಪಸದ ಖಣ ಚೀಲಕ್ಕೆ ಹಾಕಿದಳು. ಪ್ರಿಂಟು ಮಾರಾಟವಾಗುವ ಸಂಭ್ರಮದಲ್ಲಿ ಅವಳೂ ಒಂದಿಷ್ಟು ಪಾಲು ತೆಗೆದುಕೊಂಡಿದ್ದಳು. ನಾನು ದಾರಿಯುದ್ದಕ್ಕೂ ಆ ಹೋಟೆಲಿನ ಗೋಡೆಯ ಬಣ್ಣ ಯಾವುದಿರಬಹುದು ಎಂದು ಯೋಚಿಸುತ್ತ ಹೋದೆ.

ಅತ್ತಿ ನೀರು ಕೊಟ್ಟಳು, ಬೆಲ್ಲ ಕೊಟ್ಟಳು. ನಾನು ಮೊದಲು ಸೀರೆ ತೆಗೆದು ಅವಳ ಮುಂದಿಟ್ಟೆ. ಸೀರೆಯ ಮೇಲೆ ಕಾಗದ ಇಟ್ಟೆ. ಕಾಗದದ ಮೇಲೆ ಪೆನ್ನು ಇಟ್ಟೆ.

ಅತ್ತಿ ಮೂರನ್ನೂ ನೋಡಿದಳು. ಮುಟ್ಟಲಿಲ್ಲ. "ಏನ ಪತ್ರ ತಮ್ಮಾ ಇದು?"

"ಬಿಡುಗಡಿ ಪತ್ರ ಅತ್ತಿ."

ಮಾತು ಬಾಯಿಂದ ಹೊರಟ ಮೇಲೆ ನನಗೆ ನಾನು ಏನು ಮಾಡಿದೆನೆಂದು ತಿಳಿಯಿತು.

ನಮ್ಮ ಕಡೆ ರೂಢಿಯೊಂದಿದೆ. ತಂದೆ ಸತ್ತ ಮೇಲೆ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ತವರಿಗೆ ಕರೆಯುತ್ತಾರೆ. ಹೋಳಿಗೆ ಮಾಡುತ್ತಾರೆ, ಸೀರೆ ಕೊಡುತ್ತಾರೆ, ಸೀರೆಯ ಜೊತೆಗೆ ಒಂದು ಹಕ್ಕು ಬಿಡುಗಡೆ ಪತ್ರ ಕೊಡುತ್ತಾರೆ. ಅವಳು ಹೊಲದಲ್ಲಿ, ಮನೆಯಲ್ಲಿ ತನ್ನ ಪಾಲು ಬಿಟ್ಟೆನೆಂದು ಸಹಿ ಹಾಕಿ, ಸೀರೆ ಉಟ್ಟು, ಉಂಡು, ಕುಂಕುಮ ಹಚ್ಚಿಸಿಕೊಂಡು ಹೋಗುತ್ತಾಳೆ. ಇದನ್ನು ಯಾರೂ ಅನ್ಯಾಯ ಎನ್ನುವುದಿಲ್ಲ. ಸಹಿ ಹಾಕದವಳಿಗೆ ಮುಂದೆ ತವರಿನಲ್ಲಿ ಚಹಾ ಸಿಗುವುದೂ ಕಷ್ಟ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನೀಲತ್ತಿಯೂ ಹಾಗೆ ಯಂಕಂಚಿಗೆ ಬಂದು, ನನ್ನ ಅಪ್ಪನಿಗೆ ಬರೆದುಕೊಟ್ಟು ಹೋಗಿದ್ದಳು. ಆ ಪತ್ರದ ಜೊತೆಗಿದ್ದ ನಕಾಶೆ ನನ್ನದು. ತರಬೇತಿ ಮುಗಿಸಿ ನಾನು ಮೊದಲು ಅಳೆದದ್ದು ನಮ್ಮದೇ ಹೊಲ. ಒಂದು ಗೆರೆ ಆಚೀಚೆ ಇಲ್ಲದ ನಕಾಶೆ ಎಂದು ಅಪ್ಪ ಬಂದವರಿಗೆಲ್ಲ ತೋರಿಸಿದ್ದ. ಅತ್ತಿಯೂ ಅದನ್ನು ಕೈಯಲ್ಲಿ ಹಿಡಿದು ನೋಡಿ, "ಇದರಾಗ ನಂದು ಎಲ್ಲೈತೋ ತಮ್ಮಾ?" ಎಂದು ಕೇಳಿದ್ದಳು. ನಾನು ನಕ್ಕು, "ಇನ್ನ ನಿಂದು ಎಲ್ಲೂ ಇಲ್ಲತ್ತಿ" ಎಂದಿದ್ದೆ. ತಮಾಷೆಗೆಂದು ಹೇಳಿದ್ದೆ. ಆ ನಗೆಯನ್ನು ನೆನೆದರೆ ನನಗೆ ಈಗಲೂ ಮೈ ಹಿಡಿಯಾಗುತ್ತದೆ.

"ಓದು" ಎಂದಳು ಅತ್ತಿ. ಅವಳಿಗೆ ಸಹಿಯಷ್ಟೇ ಬರುತ್ತದೆ.

ಓದದೆ ವಿಧಿಯಿರಲಿಲ್ಲ. ಸ್ವಖುಷಿ, ಸಮಸ್ತ ಹಕ್ಕು, ವಾರಸುದಾರರು ಎಲ್ಲವನ್ನೂ ಆದಷ್ಟು ಮೆಲ್ಲನೆಯ ದನಿಯಲ್ಲಿ ದಾಟಿಸಿದೆ. ಅವಳು ಗಂಭೀರವಾಗಿ ಕೇಳುತ್ತಿದ್ದಳು. ದಕ್ಷಿಣಕ್ಕೆ ಗದ್ದದ ಮೇಲಿನ ಹಚ್ಚೆ ಎಂಬಲ್ಲಿಗೆ ಬಂದಾಗ ಒಮ್ಮೆಲೇ ನಗತೊಡಗಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಕೈಯಿಂದ ಗದ್ದ ಮುಟ್ಟಿ ನೋಡಿಕೊಂಡು ಮತ್ತೆ ನಕ್ಕಳು. ನನಗೆ ಸ್ವಲ್ಪ ಧೈರ್ಯ ಬಂತು.

"ಹೊಲಾ ಬಿಟ್ಟಿನಿ. ಮನಿ ಬಿಟ್ಟಿನಿ" ಎಂದಳು ನಗು ನಿಂತ ಮೇಲೆ. "ಮಾರಿ ಒಂದು ಉಳದಿತ್ತು. ಅದನ್ನೂ ಬಿಡು ಅಂತ ಬಂದ್ಯಲ್ಲೋ."

"ಹಂಗಲ್ಲತ್ತಿ, ಇದು ಬ್ಯಾರೆ ಬಿಡುಗಡಿ. ಫೋಟೋ ಮಾರಾಕ ಕೇಳತಾರ."

"ಅಂದ್ರ ನನ್ನ ಮಾರಿ ಮಾರಿ ಬದುಕೂ ಪಾಳಿ ಬಂತೇನ ನಿನಗ? ಸರಕಾರದವರು ಪಗಾರ ಕೊಡವಲ್ರೇನ?"

ನಮ್ಮ ಭಾಷೆಯ ಆ ಹಳೆಯ ಶ್ಲೇಷೆ ಇಷ್ಟು ದಿನ ಕಾದಿದ್ದು ಸರಿಯಾದ ಬಾಯಿಗೇ ಸಿಕ್ಕಿತ್ತು. ನಾನು ಚಳಿಯ ದೇಶ, ಹೋಟೆಲು, ಗೋಡೆ ಎಂದು ತೊದಲಿದೆ. ಎಷ್ಟು ದೂರದ ಜನ ಅವಳನ್ನು ನೋಡುತ್ತಾರೆ ಎಂದು ಆಸೆ ತೋರಿಸಿದೆ.

"ಅವರು ಉಣ್ಣುವಾಗ ನಾ ಬಾಯಿ ತಕ್ಕೊಂಡು ನೋಡಕೋತ ಕುಂದರಬೇಕೇನ?" ಎಂದಳು ಅತ್ತಿ. ಆಮೇಲೆ ದನಿ ಇಳಿಸಿ, "ತಮ್ಮಾ, ಉಣ್ಣ ಬಾ ಅಂತ ನಾ ಕರದದ್ದು ನಿನಗ. ಅವರನ್ನ ನಾ ಕರದಿಲ್ಲ" ಎಂದಳು.

ಫೋಟೋ ಯಾರದು ಎಂಬ ವಿಚಾರದಲ್ಲಿ ದೊಡ್ಡ ದೊಡ್ಡ ವಕೀಲರು ವಾದ ಮಾಡುತ್ತಾರಂತೆ. ಗುಂಡಿ ಒತ್ತಿದವನದು ಎಂದು ಕೆಲವರು, ಮಾರಿ ಇದ್ದವರದು ಎಂದು ಕೆಲವರು. ಕರೆಯಿಸಿಕೊಂಡವನದು ಎಂದು ಯಾರಾದರೂ ವಾದಿಸಿದ್ದು ನಾನು ಕೇಳಿಲ್ಲ. ಕಾಗದ ಮಡಿಚಿ ಜೇಬಿಗೆ ಹಾಕಿಕೊಂಡೆ. ಸೀರೆಯನ್ನೂ ವಾಪಸ್ ಚೀಲಕ್ಕೆ ಹಾಕಬೇಕೋ ಬಿಡಬೇಕೋ ತಿಳಿಯದೆ ಕೈ ಅರ್ಧಕ್ಕೆ ನಿಂತಿತು.

"ಸೀರಿ ಇರ್ಲಿ. ಸೀರಿ ಏನ ತಪ್ಪ ಮಾಡೇತಿ?" ಎಂದು ಅತ್ತಿ ಅದನ್ನು ತನ್ನ ಕಡೆಗೆ ಎಳೆದುಕೊಂಡಳು.

ಉಂಡು ಹೊರಟಾಗ ಬಾಗಿಲತನಕ ಬಂದು, ನನ್ನ ಕಡೆ ನೋಡದೆ ಹೇಳಿದಳು: "ಗ್ವಾಡಿಗೇ ಹಚ್ಚೂದಿದ್ರ ಯಂಕಂಚಿ ಮನ್ಯಾಗ ಹಚ್ಚು. ನಮ್ಮಪ್ಪನ ಬಾಜೂಕ."

ನಾನು ಸಿಂದಗಿಗೆ ಬಂದು ಶಬಾನಾಳಿಂದ ಆ ಗಿರಾಕಿಗೆ ಪತ್ರ ಬರೆಸಿದೆ. ಮಾರಿಯ ಒಡತಿ ಒಪ್ಪಲಿಲ್ಲ, ಬೇಕಾದರೆ ಒಳ್ಳೆಯ ಬಾಂದಗಲ್ಲುಗಳಿವೆ ಎಂದು ತಿಳಿಸಿದೆವು. ಅವನು ಬಹಳ ವಿನಯದಿಂದ ಉತ್ತರಿಸಿ, ಬೇರೆ ಯಾರದೋ ಅಂಗಡಿಯಿಂದ ಒಂದು ಬೆಕ್ಕಿನ ಫೋಟೋ ಕೊಂಡ. ಹುಸೇನಸಾಬರಿಗೆ ಮಾತ್ರ ಬೇಸರವಾಯಿತು. ಅಷ್ಟು ಪಕ್ಕಾ ಚಕ್ಕುಬಂದಿ ಹಾಕಿದ ಪತ್ರ ಅವರ ಆಯುಷ್ಯದಲ್ಲೇ ಸಹಿಯಿಲ್ಲದೆ ವಾಪಸ್ ಬಂದಿರಲಿಲ್ಲವಂತೆ.

ವಿಜಾಪುರದ ಲ್ಯಾಬಿನಲ್ಲಿ ಎರಡು ಫೂಟು ಉದ್ದ, ಒಂದೂವರೆ ಫೂಟು ಅಗಲದ ಪ್ರಿಂಟು ಹಾಕಿಸಿದೆ. ಕಟ್ಟು ಹಾಕಿಸಿ ಯಂಕಂಚಿಗೆ ಒಯ್ದೆ. ಅಪ್ಪ ತೀರಿಕೊಂಡ ಮೇಲೆ ಆ ಮನೆ, ಹೊಲ ನೋಡಿಕೊಂಡಿರುವವನು ನನ್ನ ಅಣ್ಣ ಶಿವಣ್ಣ. ಪಡಸಾಲೆಯ ಗೋಡೆಯ ಮೇಲೆ ಮುತ್ತಜ್ಜ, ಅಜ್ಜ, ಅಪ್ಪ, ಕಾಕಾ ಸಾಲಾಗಿ ಮೀಸೆ ಹೊತ್ತುಕೊಂಡು, ಹಾರ ಹಾಕಿಕೊಂಡು ಕೂತಿದ್ದಾರೆ. ಆ ಗೋಡೆಯಲ್ಲಿ ಒಂದು ಹೆಣ್ಣು ಮಾರಿಯೂ ಇಲ್ಲ ಎಂಬುದನ್ನು, ಇಷ್ಟೆಲ್ಲ ಫೋಟೋ ತೆಗೆಯುವ ನಾನು, ಅಂದಿನವರೆಗೆ ಗಮನಿಸಿರಲಿಲ್ಲ.

ಅಣ್ಣನಿಗೆ ಇರುಸುಮುರುಸಾಯಿತು. "ಜೀವಂತ ಇದ್ದವರದ್ದು ಹಚ್ಚತಾರೇನೋ? ಅದೂ ಕೊಟ್ಟ ಮಗಳದು? ಇವತ್ತ ಗ್ವಾಡಿ ಕೇಳ್ಯಾಳ, ನಾಳೆ ಪಾಲು ಕೇಳಿದ್ರ?"

"ಕೇಳಿದ್ರ ಅಳ್ಯಾಕ ನಾ ಅದೇನಿ" ಎಂದೆ.

ಅಣ್ಣ ತಮಾಷೆ ಎಂದುಕೊಂಡು ನಕ್ಕ. ನಾನು ನಗಲಿಲ್ಲ. ಆಗ ಅಜ್ಜನ ಪಕ್ಕದಲ್ಲಿದ್ದ ಗೊಬ್ಬರದ ಅಂಗಡಿಯ ಕ್ಯಾಲೆಂಡರನ್ನು ಅವನೇ ಕಿತ್ತು ಜಾಗ ಮಾಡಿದ. ನಾನು ಟೇಪು ಹಿಡಿದು ಎರಡೆರಡು ಸಲ ಅಳೆದು ಮೊಳೆ ಹೊಡೆದೆ. ಪೂರ್ವಕ್ಕೆ ಅಪ್ಪ, ಪಶ್ಚಿಮಕ್ಕೆ ಅಜ್ಜ, ಉತ್ತರಕ್ಕೆ ಮಾಳಿಗೆಯ ಜಂತಿ, ದಕ್ಷಿಣಕ್ಕೆ ಜೋಳದ ಚೀಲ. ನಡುವೆ ಅತ್ತಿ.

ನಾನು ಇಣುಕುವುದನ್ನು ಬಿಟ್ಟರೂ ಅಂಗಡಿ ಈಗಲೂ ಅಲ್ಲೇ ಇದೆ. ಶಬಾನಾ ಕಂಪ್ಯೂಟರುಗಳನ್ನು ನಾಲ್ಕಕ್ಕೆ ಏರಿಸಿದ್ದಾಳೆ, ನನ್ನ ಕಲ್ಲುಗಳನ್ನು ಇನ್ನೂ ಯಾರೂ ಕೇಳಿಲ್ಲ. ‘ಮೈ ಆಂಟ್’ ಇದ್ದ ಜಾಗವನ್ನು ಖಾಲಿ ಮಾಡಿಸಿದೆ. ಹೀಗಾಗಿ ನಾನು ಇವತ್ತಿನವರೆಗೆ ಮಾರಿದ ಪ್ರಿಂಟುಗಳ ಸಂಖ್ಯೆ ಸೊನ್ನೆ, ಗೋಡೆಗೆ ಏರಿದ ಪ್ರಿಂಟು ಒಂದು. ಗಿರಿಜಾ ಇದನ್ನೇ ಗೆಲುವೆಂದು ಒಪ್ಪಿಕೊಂಡಿದ್ದಾಳೆ.

ಆ ವರ್ಷ ನಾಗರಪಂಚಮಿಗೆ ಅತ್ತಿ ತವರಿಗೆ ಬಂದಳು. ನಾವು ಕೊಟ್ಟ ಇಳಕಲ್ಲ ಸೀರೆ ಉಟ್ಟಿದ್ದಳು. ಪಡಸಾಲೆಗೆ ಬಂದು ಸೊಂಟದ ಮೇಲೆ ಕೈಯಿಟ್ಟು ಗೋಡೆ ನೋಡಿದಳು. ಏನು ಹೇಳುತ್ತಾಳೋ ಎಂದು ನಾನು ಕಾದೆ. "ನಂದು ನೆಟ್ಟಗ ಐತಿ" ಎಂದಳು. "ನಮ್ಮಣ್ಣಂದ ಒಂದೀಟ ವಾಲೇತಿ ನೋಡು." ನಿಜವಾಗಿಯೂ ಅಪ್ಪನ ಫೋಟೋ ಅವಳ ಕಡೆಗೆ ವಾಲಿತ್ತು. ನಾನು ಸರಿಪಡಿಸಲು ಎದ್ದರೆ, "ಇರ್ಲಿ ಬಿಡು" ಎಂದು ಅಡುಗೆಮನೆಗೆ ಹೋದಳು.

ಅದೇ ಹೊತ್ತಿಗೆ ಅಣ್ಣನ ಹೊಸ ಬೀಗರು ಬಂದರು. ಕೈಕಾಲು ತೊಳೆದು ಕಂಬಳಿಯ ಮೇಲೆ ಕೂತು, ಗೋಡೆಯ ಮೇಲಿನ ಹಿರಿಯರಿಗೆಲ್ಲ ಸಾಲಾಗಿ ಕೈಮುಗಿಯುತ್ತ ಬಂದ ಬೀಗರ ದೃಷ್ಟಿ ಅತ್ತಿಯ ಮೇಲೆ ನಿಂತಿತು. "ಪಾಪ, ಈ ಅವ್ವಾರು ಯಾವಾಗ ಹ್ವಾದ್ರಿ?" ಎಂದು ದನಿ ತಗ್ಗಿಸಿ ಕೇಳಿದರು. ಅಣ್ಣ ನನ್ನ ಮಾರಿ ನೋಡಿದ. ನಾನು ಅಣ್ಣನ ಮಾರಿ ನೋಡಿದೆ.

ಅಷ್ಟರಲ್ಲಿ ಪಂಚಮಿಯ ಸಿಹಿ ಉಂಡಿಯ ತಾಟು ಹಿಡಿದುಕೊಂಡು ಅತ್ತಿ ಹೊಸ್ತಿಲಿಗೆ ಬಂದು ನಿಂತಳು.

"ಹ್ವಾಗಿಲ್ರಿ, ಬಂದೇನಿ" ಎಂದಳು. "ಬರ್ರಿ, ಉಣ್ಣ ಬರ್ರಿ."